ದೀರ್ಘಸೇವೆ ಎಂಬುದು ಗುಣವೇ?

ಒಬ್ಬ ಮನುಷ್ಯ ಒಂದೇ ಕೆಲಸವನ್ನು ನಲವತ್ತು ವರ್ಷ ಮಾಡಿದರೆ ನಾವು ಅವನಿಗೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಹಣ್ಣಿನ ತಟ್ಟೆ ಕೈಗೆ ಕೊಟ್ಟು ನಾಲ್ಕು ಒಳ್ಳೆಯ ಮಾತಾಡುತ್ತೇವೆ. ಅವರು ಶಾಲೆಯ ಮೇಷ್ಟರಾಗಿರಲಿ, ಟಪಾಲು ಹಂಚುವವರಾಗಿರಲಿ, ಹೋಟೆಲಿನ ಅಡುಗೆಯವರಾಗಿರಲಿ, ದೀರ್ಘಸೇವೆಗೆ ನಮ್ಮಲ್ಲಿ ಗೌರವವುಂಟು. ಆದರೆ ಅದೇ ಮನುಷ್ಯ ಶಾಸನಸಭೆಯಲ್ಲೋ ಪಾರ್ಲಿಮೆಂಟಿನಲ್ಲೋ ನಲವತ್ತು ವರ್ಷ ಕುಳಿತಿದ್ದನೆಂದರೆ ನಮ್ಮ ಮನಸ್ಸು ಎರಡಾಗುತ್ತದೆ. ಒಂದು ಮನಸ್ಸು, ಜನ ಇಷ್ಟು ಸಲ ಆರಿಸಬೇಕಾದರೆ ಅವರಲ್ಲಿ ಏನೋ ಸತ್ವವಿರಬೇಕು ಎನ್ನುತ್ತದೆ. ಇನ್ನೊಂದು ಮನಸ್ಸು, ಇವರಿಗೆ ಕುರ್ಚಿ ಬಿಡಲು ಮನಸ್ಸಿಲ್ಲ ನೋಡಿ ಎಂದು ಗೊಣಗುತ್ತದೆ. ಈ ಎರಡರಲ್ಲಿ ಯಾವುದು ಸರಿ? ಪ್ರತಿನಿಧಿಯ ಮಟ್ಟಿಗೆ ದೀರ್ಘಸೇವೆ ಎಂಬುದು ಒಂದು ಗುಣವೇ, ಅಥವಾ ಬರಿಯ ಲೆಕ್ಕವೇ? ಈ ತಿಂಗಳು ಈ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡೋಣವೆಂದುಕೊಂಡಿದ್ದೇವೆ.

ವಿಜಯವಾಡದಲ್ಲಿ, ಬೆಂಜ್ ಸರ್ಕಲಿನ ಆಸುಪಾಸಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡ ಕುಟುಂಬಗಳು ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಆ ಸರ್ಕಲಿನಿಂದ ಚೆನ್ನೈ ಕಡೆಯ ಹೆದ್ದಾರಿ ಹಿಡಿದು ಕೃಷ್ಣೆಯನ್ನು ದಾಟಿದರೆ ಗುಂಟೂರು ಜಿಲ್ಲೆ. ಆ ಜಿಲ್ಲೆಯ ನಿಡುಬ್ರೋಲು ಎಂಬ ಊರಿನಲ್ಲಿ 1900ರ ನವೆಂಬರಿನಲ್ಲಿ ಹುಟ್ಟಿದವರು ಆಚಾರ್ಯ ಎನ್. ಜಿ. ರಂಗಾ. ಆಕ್ಸ್‌ಫರ್ಡಿನಲ್ಲಿ ಅರ್ಥಶಾಸ್ತ್ರ ಓದಿ ಬಂದು, ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈ ರೈತರ ಮಗ 1930ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಸಾರ್ವಜನಿಕ ಜೀವನಕ್ಕೆ ಇಳಿದರು. ಮೂವತ್ತರ ದಶಕದಲ್ಲಿ ದಿಲ್ಲಿಯ ಕೇಂದ್ರ ಶಾಸನಸಭೆ, ಆಮೇಲೆ ಸಂವಿಧಾನ ಸಭೆ, 1952ರಲ್ಲಿ ರಾಜ್ಯಸಭೆ, 1957ರಲ್ಲಿ ತೆನಾಲಿಯಿಂದ ಲೋಕಸಭೆ. ಹೀಗೆ ಸಾಗಿ, ಕೊನೆಗೆ 1980, 1984 ಮತ್ತು 1989ರಲ್ಲಿ ಗುಂಟೂರಿನಿಂದಲೇ ಮೂರು ಸಲ ಲೋಕಸಭೆಗೆ ಆರಿಸಿ ಬಂದರು. 1991ರಲ್ಲಿ ಸದನ ಬಿಟ್ಟಾಗ ಅವರಿಗೆ ತೊಂಬತ್ತು ವಯಸ್ಸು. ನಡುವೆ ಕೆಲವು ವರ್ಷ ಹೊರಗಿದ್ದುದನ್ನು ಬಿಟ್ಟರೂ ಅವರ ಪಾರ್ಲಿಮೆಂಟ್ ಜೀವನ ಅರ್ಧ ಶತಮಾನಕ್ಕೆ ಕಡಿಮೆಯಿಲ್ಲ. ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಅವರ ಹೆಸರು ಸೇರಿತು. 1991ರಲ್ಲಿ ಪದ್ಮವಿಭೂಷಣ ಬಂತು. 1995ರಲ್ಲಿ ಅವರು ತೀರಿಕೊಂಡರು. ಮರುವರ್ಷ ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರಿಟ್ಟರು.

ಇಷ್ಟು ಹೇಳಿದರೆ ಸನ್ಮಾನ ಪತ್ರ ಮುಗಿಯಿತು. ಆದರೆ ವಿಚಾರ ಇಲ್ಲಿಂದ ಶುರುವಾಗಬೇಕು. ಐವತ್ತು ವರ್ಷ ಎಂಬುದು ಪಂಚಾಂಗದ ಲೆಕ್ಕ. ಆಲದ ಮರ ಇನ್ನೂರು ವರ್ಷ ಬಾಳುತ್ತದೆ. ಅದು ಬಾಳಿದ್ದಕ್ಕೆ ಗೌರವವಲ್ಲ, ನೆರಳು ಕೊಟ್ಟಿದ್ದಕ್ಕೆ ಗೌರವ. ಹಾಗಾದರೆ ರಂಗಾ ಅವರ ನೆರಳು ಯಾರಿಗೆ ಸಿಕ್ಕಿತು?

ಅವರು ರೈತರ ಪರವಾಗಿ ನಿಂತರೆಂಬುದರಲ್ಲಿ ಅನುಮಾನವಿಲ್ಲ. 1933ರಲ್ಲಿ ವೆಂಕಟಗಿರಿ ಜಮೀನ್ದಾರಿಯ ರೈತರ ಚಳವಳಿಯಲ್ಲಿ ಮುಂದಾದರು. ನಿಡುಬ್ರೋಲಿನಲ್ಲಿ ರೈತ ಕಾರ್ಯಕರ್ತರಿಗಾಗಿಯೇ ಒಂದು ಶಾಲೆ ನಡೆಸಿದರು. 1936ರಲ್ಲಿ ಲಖ್ನೋದಲ್ಲಿ ಅಖಿಲ ಭಾರತ ಕಿಸಾನ್ ಸಭೆ ಹುಟ್ಟಿದಾಗ ಸ್ವಾಮಿ ಸಹಜಾನಂದ ಸರಸ್ವತಿಯವರು ಅಧ್ಯಕ್ಷರು, ರಂಗಾ ಅವರು ಪ್ರಧಾನ ಕಾರ್ಯದರ್ಶಿ. ಮುಂದೆ 1959ರ ಜನವರಿಯಲ್ಲಿ ಕಾಂಗ್ರೆಸ್ಸು ನಾಗಪುರದಲ್ಲಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಜಮೀನುಗಳನ್ನು ಒಟ್ಟುಗೂಡಿಸಿದರೆ ಸಣ್ಣ ರೈತನ ಕೈಯಿಂದ ಭೂಮಿ ಜಾರಿಹೋಗುತ್ತದೆಂದು ರಂಗಾ ವಾದಿಸಿದರು. ನೆಹರೂ ಅವರ ಪ್ರಭಾವ ಉತ್ತುಂಗದಲ್ಲಿದ್ದ ಕಾಲ ಅದು. ಆಗಲೇ ಅವರು ಪಕ್ಷವನ್ನು ಬಿಟ್ಟು, ರಾಜಾಜಿಯವರ ಜೊತೆ ಸೇರಿ, ಸ್ವತಂತ್ರ ಪಕ್ಷದ ಮೊದಲ ಅಧ್ಯಕ್ಷರಾದರು. ಇದಕ್ಕೆ ಬೆಲೆ ತೆರಬೇಕಾಯಿತು: 1962ರಲ್ಲಿ ಸ್ವಂತ ನಾಡಾದ ತೆನಾಲಿಯಲ್ಲಿ ಸೋತರು. ಅದೇ ವರ್ಷ ಚಿತ್ತೂರಿನ ಉಪಚುನಾವಣೆಯಲ್ಲಿ ಗೆದ್ದರು, 1967ರಲ್ಲಿ ಶ್ರೀಕಾಕುಳದಿಂದ ಬಂದರು. ಮುಂದೆ ಎಪ್ಪತ್ತರ ದಶಕದಲ್ಲಿ ಮತ್ತೆ ಕಾಂಗ್ರೆಸ್ಸಿಗೇ ಮರಳಿದರು.

ಈಗ ನ್ಯಾಯ ಹೇಳುವುದು ಕಷ್ಟ. ತನ್ನ ನಂಬಿಕೆಗಾಗಿ ಆಳುವ ಪಕ್ಷವನ್ನೇ ತೊರೆದವನನ್ನು ಧೀರನೆನ್ನಬೇಕು. ಆದರೆ ಒಂದು ಊರಿನವರು ಬೇಡವೆಂದಾಗ ಇನ್ನೊಂದು ಊರಿಗೆ ಹೋಗಿ ನಿಂತದ್ದಕ್ಕೆ, ಬಿಟ್ಟ ಪಕ್ಷಕ್ಕೆ ತಿರುಗಿ ಬಂದದ್ದಕ್ಕೆ ಏನೆನ್ನಬೇಕು? ಆಂಧ್ರದ ದಕ್ಷಿಣ ತುದಿಯ ಚಿತ್ತೂರಿಗೂ ಉತ್ತರ ತುದಿಯ ಶ್ರೀಕಾಕುಳಕ್ಕೂ ಬೆಳೆ ಬೇರೆ, ಮಳೆ ಬೇರೆ. ಎರಡೂ ಕಡೆಗೆ ಒಬ್ಬನೇ ಪ್ರತಿನಿಧಿಯಾಗಬಲ್ಲನೇ? ಊರಿನ ಪ್ರತಿನಿಧಿ ಎಂದು ತಿಳಿದರೆ ಆಗಲಾರ. ಒಂದು ಕಸುಬಿನ, ಒಂದು ಬದುಕಿನ ಪ್ರತಿನಿಧಿ ಎಂದು ತಿಳಿದರೆ ಆಗಬಲ್ಲ. ರಂಗಾ ಅವರು ತಮ್ಮನ್ನು ಎರಡನೆಯ ರೀತಿಯಲ್ಲಿ ಕಂಡುಕೊಂಡರೆಂದು ನಮಗೆ ತೋರುತ್ತದೆ. ಆದರೆ ಅಲ್ಲಿಯೂ ಒಂದು ಮಾತು ಉಳಿಯುತ್ತದೆ. ಭೂಮಿಯುಳ್ಳ ರೈತ ಬೇರೆ, ಆ ಭೂಮಿಯಲ್ಲಿ ದುಡಿಯುವ ಕೂಲಿಯವ ಬೇರೆ. ಇಬ್ಬರ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ. 'ರೈತ' ಎಂಬ ಒಂದೇ ಹೆಸರಿನಲ್ಲಿ ಇಬ್ಬರನ್ನೂ ಕಟ್ಟಿದಾಗ ಯಾರ ದನಿ ದೊಡ್ಡದೋ ಅದೇ ಕೇಳುತ್ತದೆ. ಎಷ್ಟೇ ದೀರ್ಘಕಾಲ ಸೇವೆ ಮಾಡಿದವರ ಲೆಕ್ಕದಲ್ಲೂ ಈ ಬಾಕಿಯನ್ನು ನೋಡಲೇಬೇಕು.

ದೀರ್ಘಸೇವೆಯ ಪರವಾದ ವಾದವೂ ಸಣ್ಣದಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ಜಾನ್ ಡಿಂಗೆಲ್ ಎಂಬವರು 1955ರ ಡಿಸೆಂಬರಿನಿಂದ 2015ರ ಜನವರಿಯವರೆಗೆ, ಎಂದರೆ ಐವತ್ತೊಂಬತ್ತು ವರ್ಷ, ಆ ದೇಶದ ಪ್ರತಿನಿಧಿ ಸಭೆಯಲ್ಲಿದ್ದರು. ಎಲ್ಲ ಪ್ರಜೆಗಳಿಗೂ ವೈದ್ಯಕೀಯ ವಿಮೆ ಬೇಕೆಂದು ಅವರ ತಂದೆ ಅದೇ ಸ್ಥಾನದಲ್ಲಿ ಕುಳಿತು ಮಸೂದೆ ತಂದಿದ್ದರು. ತಂದೆ ತೀರಿಕೊಂಡ ಮೇಲೆ ಮಗ ಪ್ರತಿಯೊಂದು ಹೊಸ ಸಭೆಯಲ್ಲೂ ಆ ಮಸೂದೆಯನ್ನು ಮತ್ತೆ ಮತ್ತೆ ಮಂಡಿಸಿದರು. 1965ರಲ್ಲಿ ವೃದ್ಧರಿಗೆ ವೈದ್ಯ ನೆರವು ಕೊಡುವ ಮೆಡಿಕೇರ್ ಮಸೂದೆ ಸಭೆಯಲ್ಲಿ ಪಾಸಾದಾಗ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 2010ರಲ್ಲಿ ಇನ್ನೂ ವಿಸ್ತಾರವಾದ ಆರೋಗ್ಯ ವಿಮೆಯ ಕಾನೂನು ಪಾಸಾಗುವಾಗ ಸ್ಪೀಕರ್ ನಾನ್ಸಿ ಪೆಲೋಸಿಯವರು ಬಳಸಿದ್ದು, 1965ರಲ್ಲಿ ಡಿಂಗೆಲ್ ಅವರ ಕೈಯಲ್ಲಿದ್ದ ಅದೇ ಮರದ ಸುತ್ತಿಗೆಯನ್ನು. ಒಂದು ಕೆಲಸ ಹಣ್ಣಾಗಲು ಅರ್ಧ ಶತಮಾನ ಬೇಕಾದಾಗ ಐದು ವರ್ಷಕ್ಕೊಬ್ಬರು ಬಂದುಹೋದರೆ ಅದನ್ನು ಹೊತ್ತು ನಡೆಸುವವರು ಯಾರು? ನೆನಪು ಉಳ್ಳವನು ಒಬ್ಬನಾದರೂ ಸಭೆಯಲ್ಲಿ ಬೇಕು. ಇಲ್ಲವಾದರೆ ನೆನಪೆಲ್ಲ ಅಧಿಕಾರಿಗಳ ಕಡತದಲ್ಲಿ ಉಳಿದು, ಪ್ರತಿನಿಧಿ ಅವರು ಹೇಳಿದ್ದನ್ನು ಕೇಳುವವನಾಗುತ್ತಾನೆ.

ಆದರೆ ಅದೇ ಡಿಂಗೆಲ್ ಅವರ ಕಥೆಗೆ ಇನ್ನೊಂದು ಮುಖವಿದೆ. ತಂದೆ 1933ರಿಂದ ಆ ಸ್ಥಾನದಲ್ಲಿದ್ದರು, ಬಳಿಕ ಮಗ, ಅವರು ನಿವೃತ್ತರಾದ ಮೇಲೆ ಅವರ ಹೆಂಡತಿ. ಪ್ರತಿ ಸಲವೂ ಚುನಾವಣೆ ನಡೆಯಿತು, ಜನರೇ ಆರಿಸಿದರು, ಅದರಲ್ಲಿ ಮೋಸವಿಲ್ಲ. ಆದರೂ ಎಂಬತ್ತು ವರ್ಷದಲ್ಲಿ ಆ ಊರಿನಲ್ಲಿ ಇನ್ನೊಂದು ಮನೆಯಲ್ಲಿ ಯೋಗ್ಯರು ಹುಟ್ಟಲೇ ಇಲ್ಲವೇ ಎಂದು ಕೇಳಬೇಕೆನ್ನಿಸುತ್ತದೆ. ನಮ್ಮ ದೇಶದಲ್ಲಂತೂ ಈ ಪ್ರಶ್ನೆ ಯಾವ ಜಿಲ್ಲೆಗೆ ಹೋದರೂ ಎದುರಾಗುತ್ತದೆ.

ನಮ್ಮ ಕರ್ನಾಟಕದ ಕಡೆಗೆ ಕಣ್ಣು ಹಾಯಿಸೋಣ. ಮಲ್ಲಿಕಾರ್ಜುನ ಖರ್ಗೆಯವರು 1972ರಲ್ಲಿ ಗುರುಮಿಠಕಲ್‌ನಿಂದ ಶಾಸನಸಭೆಗೆ ಬಂದವರು ಅಲ್ಲಿಂದ ಎಂಟು ಸಲ, 2008ರಲ್ಲಿ ಚಿತ್ತಾಪುರದಿಂದ ಒಂದು ಸಲ, ಬಿಡದೆ ಒಂಬತ್ತು ಸಲ ಗೆದ್ದರು. 2009 ಮತ್ತು 2014ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಹೋದರು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಲು ಪ್ರಯತ್ನಿಸಿದವರಲ್ಲಿ ಅವರ ಹೆಸರು ಮುಂದಿದೆ. ಕೆ. ಎಚ್. ಮುನಿಯಪ್ಪನವರು 1991ರಿಂದ ಕೋಲಾರದಲ್ಲಿ ಏಳು ಸಲ ಗೆದ್ದರು. 2019ರಲ್ಲಿ ಇಬ್ಬರೂ ಸೋತರು. ಪಕ್ಷದ ಮಾತು ನಮಗೆ ಬೇಡ. ಮತದಾರನ ಕೈಯಲ್ಲಿ ಬಾಗಿಲು ತೆರೆದೇ ಇರುತ್ತದೆ, ಎಂದಾದರೂ ಒಂದು ದಿನ ಅವನು ಹೊರಗೆ ಬೊಟ್ಟು ಮಾಡಬಲ್ಲ ಎಂಬುದಷ್ಟೇ ಇಲ್ಲಿನ ಪಾಠ.

ಇವರ ಪಕ್ಕದಲ್ಲಿ ಶಾಂತವೇರಿ ಗೋಪಾಲಗೌಡರನ್ನು ನಿಲ್ಲಿಸಿ ನೋಡಿ. ಅವರು 1952, 1962 ಮತ್ತು 1967ರಲ್ಲಿ, ಒಟ್ಟು ಮೂರೇ ಸಲ ಶಾಸಕರಾದವರು. 1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕಾಗೋಡಿನ ಗೇಣಿದಾರರ ಜೊತೆ ನಿಂತ ಅವರು, ಉಳುವವನಿಗೆ ಭೂಮಿ ಸಿಗಬೇಕೆಂದೂ ನಾಡಿಗೆ ಕರ್ನಾಟಕವೆಂದೇ ಹೆಸರಾಗಬೇಕೆಂದೂ ವಾದಿಸುತ್ತಿದ್ದರು. ನಾಡಿಗೆ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ಎರಡನ್ನೂ ಅವರು ಕಾಣಲಿಲ್ಲ. ಅವರ ಸೇವೆಯ ಕಾಲ ಚಿಕ್ಕದು, ಸೇವೆಯ ಫಲ ದೀರ್ಘ. ಇದನ್ನು ಕಂಡಮೇಲೆ ವರ್ಷಗಳನ್ನು ಎಣಿಸಿ ಹಿರಿಮೆಯನ್ನು ನಿಶ್ಚಯಿಸುವ ಅಭ್ಯಾಸವನ್ನು ನಾವು ಬಿಡಲೇಬೇಕಾಗುತ್ತದೆ.

ಹಾಗಾದರೆ ವರ್ಷಗಳಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಒಂದು ಷರತ್ತಿನ ಮೇಲೆ. ಅದನ್ನು ಹೇಳಲು ಕೃಷ್ಣೆಯ ಉದಾಹರಣೆಯೇ ಸಾಕು. ಮಹಾಬಲೇಶ್ವರದಲ್ಲಿ ಹುಟ್ಟಿ, ಬಿಜಾಪುರ, ರಾಯಚೂರುಗಳ ನೆಲವನ್ನು ತೋಯಿಸಿ ಬರುವ ನೀರು ಇಲ್ಲಿ 1957ರಲ್ಲಿ ಕಟ್ಟಿ ಮುಗಿಸಿದ ಪ್ರಕಾಶಂ ಬ್ಯಾರೇಜಿನಲ್ಲಿ ನಿಂತು ಡೆಲ್ಟಾದ ಗದ್ದೆಗಳಿಗೆ ಹರಿಯುತ್ತದೆ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿತು. ಅಂದಿನಿಂದ ಮೇಲಿನವರ ಪ್ರತಿನಿಧಿಗಳು ತಮಗೆ ಕಡಿಮೆಯಾಯಿತೆಂದರು, ಕೆಳಗಿನವರೂ ತಮಗೆ ಕಡಿಮೆಯಾಯಿತೆಂದರು. ಇಬ್ಬರೂ ಪ್ರಾಮಾಣಿಕರೇ ಇರಬಹುದು. ನಮ್ಮ ಸ್ಥಿತಿ ನೋಡಿ: ನಮ್ಮಲ್ಲಿ ಎಷ್ಟೋ ಜನರ ಅಣ್ಣತಮ್ಮಂದಿರ ಹೊಲ ಮೇಲಿದೆ, ನಮ್ಮ ಮಕ್ಕಳು ಕುಡಿಯುವ ನೀರು ಕೆಳಗಿದೆ. ಎರಡು ಕಡೆಯ ಬಾಯಾರಿಕೆಯೂ ನಮಗೆ ಗೊತ್ತು.

ಪ್ರತಿನಿಧಿಗೂ ಈ ತಿಳಿವಳಿಕೆ ಬರಬೇಕು. ಮೊದಲ ಸಲ ಆರಿಸಿ ಬಂದವನು ತನ್ನ ಊರಿನ ಮಾತನ್ನು ಗಟ್ಟಿಯಾಗಿ ಹೇಳಿದರೆ ಸಾಕು, ಅದು ಅವನ ಧರ್ಮ. ಆದರೆ ಮೂವತ್ತು ವರ್ಷ ಎದುರು ಬೆಂಚಿನವರ ಮಾತನ್ನು ಕೇಳಿದವನು ಅವರ ಕಷ್ಟವನ್ನೂ ತನ್ನ ಜನರಿಗೆ ತಿಳಿಸಿ ಹೇಳಬೇಕು. ಇಂಗ್ಲೆಂಡಿನ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರಿಗೆ, ಪ್ರತಿನಿಧಿಯು ನಿಮಗಾಗಿ ದುಡಿಯುವುದಷ್ಟೇ ಅಲ್ಲ, ತನ್ನ ವಿವೇಕವನ್ನೂ ನಿಮಗೆ ಕೊಡಬೇಕಾದವನು ಎಂಬ ಅರ್ಥದಲ್ಲಿ ಮಾತಾಡಿದ. ಆರು ವರ್ಷದ ಮೇಲೆ ಗೆಲ್ಲುವ ಆಸೆಯಿಲ್ಲದೆ ಅವನು ಅಲ್ಲಿಯ ಕಣದಿಂದ ಹಿಂದೆ ಸರಿಯಬೇಕಾಯಿತು. ಜನರಿಗೆ ಹಿತವಲ್ಲದ ನಿಜವನ್ನು ಹೇಳುವ ಧೈರ್ಯ ಯಾರಿಗೆ ಇರಬೇಕು? ಹೊಸಬನಿಗೆ ಅದು ಕಷ್ಟ. ಹತ್ತು ಸಲ ಗೆದ್ದು ಜನರ ವಿಶ್ವಾಸ ಗಳಿಸಿದವನಿಗೆ ಸಾಧ್ಯ. ಆ ವಿಶ್ವಾಸವನ್ನು ಅವನು ಹನ್ನೊಂದನೆಯ ಗೆಲುವಿಗಷ್ಟೇ ಖರ್ಚು ಮಾಡಿದರೆ ಅವನ ವರ್ಷಗಳು ಅವನ ಸ್ವಂತ ಆಸ್ತಿಯಾದವು. ಕಹಿ ನಿಜವನ್ನು ಹೇಳುವುದಕ್ಕೆ ಖರ್ಚು ಮಾಡಿದರೆ ಅವು ಜನರ ಆಸ್ತಿಯಾದವು. ದೀರ್ಘಸೇವೆ ಗುಣವಾಗುವುದು ಆಗ ಮಾತ್ರ ಎಂಬುದು ನಮ್ಮ ಅಭಿಪ್ರಾಯ. ಈ ಅಳತೆಯಲ್ಲಿ ರಂಗಾ ಅವರ ಜೀವನದ ದೊಡ್ಡ ವರ್ಷ ಗುಂಟೂರಿನಲ್ಲಿ ಗೆದ್ದ ವರ್ಷಗಳಲ್ಲ. ಅನಿಸಿದ್ದನ್ನು ಹೇಳಿ, ಹೊರಗೆ ನಡೆದು, ಸೋಲಿಗೆ ಸಿದ್ಧರಾದ 1959.

ಇನ್ನು ನಮ್ಮ ಮನೆಯ ವಿಚಾರ. ದೊಡ್ಡವರ ಲೆಕ್ಕ ಕೇಳುವ ನಾವು ನಮ್ಮ ಪಾಲಿನ ಲೆಕ್ಕವನ್ನೂ ಕೊಡಬೇಕು. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಮತದಾರನ ಹೆಸರು ಅವನು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲಿರಬೇಕು, ಎರಡು ಕ್ಷೇತ್ರಗಳಲ್ಲಿ ಇರಕೂಡದು. ನಮ್ಮಲ್ಲಿ ಅನೇಕರ ಹೆಸರು ಇಂದಿಗೂ ಊರಿನ ಪಟ್ಟಿಯಲ್ಲಿದೆ; ಚುನಾವಣೆಗೆ ಊರಿಗೆ ಹೋಗಲು ರಜೆಯಿಲ್ಲ, ಇಲ್ಲಿ ಹೆಸರಿಲ್ಲ. ಹೀಗೆ ಹಲವಾರು ವರ್ಷ ಓಟು ಹಾಕದೆ ಕಳೆದವರು, ಪ್ರತಿನಿಧಿ ನಮ್ಮನ್ನು ಕೇಳುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ನೀರು, ರಸ್ತೆ, ಮಕ್ಕಳ ಶಾಲೆ ಎಲ್ಲವೂ ಇಲ್ಲಿಯದಾದ ಮೇಲೆ ಓಟೂ ಇಲ್ಲಿಯದಾಗುವುದು ನ್ಯಾಯ. ಇದರಿಂದ ಕನ್ನಡತನಕ್ಕೆ ಏನೂ ಕುಂದಿಲ್ಲ. ತಾಯಿಭಾಷೆ ಮನೆಯಲ್ಲಿ ಉಳಿಯುತ್ತದೆ. ಪೌರನ ಕರ್ತವ್ಯ ಬಾಳುವ ಬೀದಿಯಲ್ಲಿ ನಡೆಯಬೇಕು.

ನಮ್ಮಂಥ ಸಂಘಗಳಿಗೂ ಇದೇ ಮಾತು ಸಲ್ಲುತ್ತದೆ. ಪರ ಊರಿನ ಕನ್ನಡ ಸಂಘಗಳಲ್ಲಿ ಒಬ್ಬರೇ ಹದಿನೈದು ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿರುವುದು ಹೊಸದೇನಲ್ಲ. ಹೆಚ್ಚಿನ ಸಲ ಅದಕ್ಕೆ ಅವರ ಅಧಿಕಾರದ ಆಸೆ ಕಾರಣವಲ್ಲ, ಉಳಿದವರ ಸೋಮಾರಿತನ ಕಾರಣ. ರಾಜ್ಯೋತ್ಸವದ ಊಟಕ್ಕೆ ಬರುವವರು ನೂರು ಜನ, ಮಹಾಸಭೆಗೆ ಬರುವವರು ಹತ್ತು ಜನ. ಆ ಹತ್ತು ಜನರೂ, 'ಈ ಸಲವೂ ತಾವೇ ಇರಿ ಸ್ವಾಮಿ' ಎಂದು ಕೈಮುಗಿದು ಮನೆಗೆ ಹೋಗುತ್ತಾರೆ. ಮುಂದೆ ಅದೇ ಕಾರ್ಯದರ್ಶಿಗಳು ಕುರ್ಚಿ ಬಿಡುವುದಿಲ್ಲವೆಂದು ಆಡಿಕೊಳ್ಳುವವರೂ ನಾವೇ. ಬಿಟ್ಟುಕೊಡುವವರು ಬೇಕಾದರೆ ಹೊರುವವರೂ ಇರಬೇಕು. ಈಗಿರುವ ಹಿರಿಯರು ತಮ್ಮ ಲೆಕ್ಕಪುಸ್ತಕವನ್ನೂ ಅನುಭವವನ್ನೂ ಒಬ್ಬ ಕಿರಿಯನಿಗೆ ಒಂದೆರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲಿ. ಕಿರಿಯರು ಊಟದ ದಿನಕ್ಕೆ ಮುಂಚೆ ಸಭೆಯ ದಿನವನ್ನು ಗುರುತು ಹಾಕಿಕೊಳ್ಳಲಿ. ಶಾಲು ಹೊದಿಸುವುದು ಸುಲಭ. ಆ ಹಿರಿಯರ ಹೆಗಲ ಮೇಲಿನ ಹೊರೆಗೆ ಕೈಕೊಡುವುದೇ ಅವರಿಗೆ ನಾವು ಮಾಡಬಹುದಾದ ನಿಜವಾದ ಸನ್ಮಾನ.