ಸರೋವರದ ದಡದಲ್ಲಿ ಧರ್ಮರಾಯ ನಿಂತ ಹಾಗೆ





ಬೆಟ್ಟ ಹತ್ತಿ ಸ್ವಾಮಿಯ ದರ್ಶನವಾಗಿ, ತೀರ್ಥ ಪ್ರಸಾದ ತಗೊಂಡು, ಮಂಟಪದ ನೆರಳಿನಲ್ಲಿ ಕಾಲು ನೀಡಿ ಕೂತಾಗ ಯಾತ್ರಾರ್ಥಿಗಳ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಒಂದ್ಸಲ ಕೇದಾರ, ಬದರಿ ನೋಡಿ ಬಂದುಬಿಟ್ರೆ ಸಾಕಪ್ಪ." ಪಕ್ಕದಲ್ಲಿ ಕೂತ ಮಗ ನಗುತ್ತಾನೆ. "ಅಮ್ಮಾ, ಈ ಮೆಟ್ಟಿಲಿಗೇ ನಾಲ್ಕು ಸಲ ಕೂತ್ಕೊಂಡ್ರಿ, ಹಿಮಾಲಯ ಹತ್ತೋದು ಹೇಗೆ?" ತಾಯಿ ಸುಮ್ಮನಾಗುತ್ತಾಳೆ. ಆ ತಾಯಿಯ ಆಸೆಯೂ ಸುಳ್ಳಲ್ಲ, ಮಗನ ಭಯವೂ ಸುಳ್ಳಲ್ಲ. ಇಬ್ಬರಿಗೂ ಉತ್ತರ ಮಹಾಭಾರತದಲ್ಲಿದೆ.

ಕೇದಾರ, ಬದರಿ, ಯಮುನೋತ್ರಿ ಇರುವ ಸೀಮೆಗೆ ಗಢವಾಲ ಎಂದು ಹೆಸರು. ಈಗ ಅದು ಉತ್ತರಾಖಂಡ ರಾಜ್ಯದಲ್ಲಿದೆ. ಕನ್ನಡಿಗರಿಗೆ ಅದೇನೂ ಪರದೇಶವಲ್ಲ. ಕೇದಾರನಾಥದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಜಂಗಮ ಮನೆತನದವರು. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದು ಊಖಿಮಠದಲ್ಲಿ. ಚಳಿಗಾಲದಲ್ಲಿ ಕೇದಾರದ ಬಾಗಿಲು ಮುಚ್ಚಿದ ಮೇಲೆ ಸ್ವಾಮಿಗೆ ಪೂಜೆ ನಡೆಯುವುದೂ ಅಲ್ಲಿಯ ಓಂಕಾರೇಶ್ವರ ಗುಡಿಯಲ್ಲೇ. ಉಡುಪಿಯ ಮಧ್ವಾಚಾರ್ಯರು ವೇದವ್ಯಾಸರ ದರ್ಶನಕ್ಕೆಂದು ನಡೆದುಕೊಂಡು ಹೋದದ್ದು ಬದರಿಗೆ.

ಊಖಿಮಠದಿಂದ ಚೋಪ್ತಾ ಕಡೆಗೆ ಹೋಗುವ ದಾರಿಯಲ್ಲಿ ಸಾರಿ ಎಂಬ ಸಣ್ಣ ಹಳ್ಳಿ ಸಿಗುತ್ತದೆ. ಅಲ್ಲಿಂದ ಕಲ್ಲು ಹಾಸಿದ ದಾರಿಯಲ್ಲಿ ಎರಡೂವರೆ ಮೂರು ಕಿಲೋಮೀಟರು ಹತ್ತಿದರೆ ದೇವರಿಯಾ ತಾಲ್ ಎಂಬ ಸರೋವರ. ವಯಸ್ಸಾದವರು ಕೂತು ಎದ್ದು ಹತ್ತಿದರೂ ಎರಡು ಮೂರು ತಾಸಿನಲ್ಲಿ ಮುಟ್ಟಬಹುದು, ಮಧ್ಯಾಹ್ನದ ಊಟಕ್ಕೆ ಕೆಳಗೆ ಬರಬಹುದು. ಸುತ್ತ ಕಾಡು, ನಡುವೆ ಹುಲ್ಲುಗಾವಲು, ಅದರ ನಡುವೆ ನೀರು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬುರಾಂಶ ಎಂಬ ಕೆಂಪು ಹೂವು ಮರ ತುಂಬ ಬಿಟ್ಟಿರುತ್ತದೆ. ಊರಿನವರು ಅದರಿಂದ ಶರಬತ್ತು ಮಾಡುತ್ತಾರೆ, ಕುಡಿದು ನೋಡಬೇಕು.

ದೇವತೆಗಳು ಸ್ನಾನಕ್ಕೆ ಬರುತ್ತಿದ್ದ ಕೊಳ ಇದು ಎನ್ನುತ್ತಾರೆ ಅಲ್ಲಿಯ ಜನ. ಇನ್ನೊಂದನ್ನೂ ಹೇಳುತ್ತಾರೆ. ಯಕ್ಷನು ಪಾಂಡವರನ್ನು ಪ್ರಶ್ನೆ ಕೇಳಿದ್ದು ಇದೇ ದಡದಲ್ಲಂತೆ. ಮಹಾಭಾರತದಲ್ಲಿ ಆ ಕಥೆ ದ್ವೈತವನದಲ್ಲಿ ನಡೆಯುತ್ತದೆ. ದ್ವೈತವನ ಎಲ್ಲಿ ಎಂದು ಪಂಡಿತರು ಚರ್ಚೆ ಮಾಡಿಕೊಳ್ಳಲಿ, ಯಾತ್ರಿಕನಿಗೆ ಕಥೆ ಮುಖ್ಯ.

ವನವಾಸದ ಕೊನೆಯ ದಿನಗಳು. ಬ್ರಾಹ್ಮಣನೊಬ್ಬನ ಅರಣಿಯನ್ನು ಜಿಂಕೆ ಕೊಂಬಿಗೆ ಸಿಕ್ಕಿಸಿಕೊಂಡು ಓಡಿತು. ಅದರ ಬೆನ್ನು ಹತ್ತಿ ಐವರೂ ದಣಿದರು, ಗಂಟಲು ಒಣಗಿತು. ನೀರು ತರಲು ನಕುಲ ಹೋದ. ದಡಕ್ಕೆ ಬಂದಾಗ ಒಂದು ದನಿ ಕೇಳಿಸಿತು. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು, ಆಮೇಲೆ ಕುಡಿ ಎಂದಿತು. ನಕುಲ ಕೇಳಲಿಲ್ಲ. ಕುಡಿದ, ಬಿದ್ದ. ಅವನನ್ನು ಹುಡುಕಿ ಬಂದ ಸಹದೇವನದೂ ಅದೇ ಗತಿ. ಅರ್ಜುನ ಕಾಣದ ದನಿಗೆ ಬಾಣ ಬಿಟ್ಟ, ನೀರು ಕುಡಿದ, ಬಿದ್ದ. ಭೀಮನಂತೂ ಕೇಳುವ ಆಳೇ ಅಲ್ಲ.

ಇವರಲ್ಲಿ ಯಾರಿಗೆ ಶಕ್ತಿ ಕಡಿಮೆ ಇತ್ತು ಹೇಳಿ? ಗಾಂಡೀವ ಹಿಡಿದವನು ಬಿದ್ದ, ಗದೆ ಹಿಡಿದವನು ಬಿದ್ದ. ಬಾಯಾರಿಕೆ ಐವರಿಗೂ ಒಂದೇ ಇತ್ತು. ಧರ್ಮರಾಯ ಒಬ್ಬ ಮಾತ್ರ ನೀರಿನ ಮುಂದೆ ನಿಂತ. ತಮ್ಮಂದಿರ ಹೆಣ ಕಣ್ಣ ಮುಂದೆ, ಗಂಟಲಲ್ಲಿ ಬೆಂಕಿ, ಆದರೂ ನಿಂತು ಕೇಳಿಸಿಕೊಂಡು ಉತ್ತರ ಹೇಳಿದ. ಅತ್ಯಂತ ಆಶ್ಚರ್ಯದ ಸಂಗತಿ ಯಾವುದು ಎಂದು ಯಕ್ಷ ಕೇಳಿದಾಗ, ದಿನವೂ ಜನ ಸಾಯುವುದನ್ನು ನೋಡುತ್ತಾ ಉಳಿದವರು ತಾವು ಶಾಶ್ವತ ಅಂದುಕೊಂಡಿರುತ್ತಾರಲ್ಲ, ಅದಕ್ಕಿಂತ ಆಶ್ಚರ್ಯ ಬೇರೆ ಯಾವುದು ಎಂದ.

ಈಗ ಇವತ್ತಿನ ಯಾತ್ರೆಗೆ ಬರೋಣ. ಹರಿದ್ವಾರ ಇರುವುದು ಸಮುದ್ರಮಟ್ಟದಿಂದ ಸುಮಾರು 300 ಮೀಟರು ಎತ್ತರದಲ್ಲಿ. ಕೇದಾರನಾಥ 3,583 ಮೀಟರು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರು ಅಂದ ಮೇಲೆ ಅಂದಾಜು ಮಾಡಿಕೊಳ್ಳಿ. ಬಸ್ಸಿನಲ್ಲಿ ಒಂದು ದಿನ, ಮಾರನೇ ದಿನ ಗೌರೀಕುಂಡದಿಂದ 16 ಕಿಲೋಮೀಟರಿನ ಏರು, ಇಲ್ಲವೇ ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷದಲ್ಲಿ ಮೇಲೆ. ಮನಸ್ಸು ಗಾಳಿಗಿಂತ ಬೇಗ ಹೋಗುತ್ತದೆ ಎಂದು ಧರ್ಮರಾಯನೇ ಹೇಳಿದ್ದಾನೆ. ಆದರೆ ರಕ್ತ, ಶ್ವಾಸ, ಹೃದಯ ಹಾಗೆ ಹೋಗುವುದಿಲ್ಲ. ಮೇಲೆ ಹೋದಂತೆಲ್ಲ ಗಾಳಿ ತೆಳುವಾಗುತ್ತದೆ, ಅದಕ್ಕೆ ದೇಹ ಒಗ್ಗಲು ದಿನಗಳು ಬೇಕು. 2022ರ ಚಾರ್‌ಧಾಮ ಯಾತ್ರೆಯಲ್ಲಿ ನೂರಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಹೆಚ್ಚಿನವರಿಗೆ ಆದದ್ದು ಹೃದಯಾಘಾತ ಮತ್ತು ಎತ್ತರದ ತೊಂದರೆ. ಅವರೂ ಭಕ್ತರೇ. ಅವರ ಮನೆಯಲ್ಲೂ ಪ್ರಸಾದಕ್ಕೆ ಕಾಯುತ್ತಿದ್ದರು. ದೇವರ ಸನ್ನಿಧಿಯಲ್ಲಿ ಹೋದರೆ ಮೋಕ್ಷ ಅಂತ ಕೆಲವರು ಹಗುರವಾಗಿ ಹೇಳಿಬಿಡುತ್ತಾರೆ. ಹಾಗೆ ಹೇಳುವುದು ತಪ್ಪು.

ಅದಕ್ಕೇ ದೇವರಿಯಾ ತಾಲ್. ಅದು ಸುಮಾರು 2,400 ಮೀಟರಿನಲ್ಲಿದೆ. ಕೇದಾರಕ್ಕೆ ಹೋಗುವ ಮುಂಚೆ ಊಖಿಮಠದ ಕಡೆ ಎರಡು ರಾತ್ರಿ ಉಳಿದು, ಒಂದು ದಿನ ಈ ಸರೋವರಕ್ಕೆ ಹೋಗಿ ಬಂದರೆ ಬೆಟ್ಟದ ಗಾಳಿ ದೇಹಕ್ಕೆ ಸ್ವಲ್ಪ ಪರಿಚಯವಾಗುತ್ತದೆ. ಅಲ್ಲಿಯೇ ಏದುಸಿರು ಬಂದು ಎದೆ ಹಿಡಿದುಕೊಂಡರೆ ಮುಂದಿನ ಪ್ರಯಾಣದ ಬಗ್ಗೆ ಡಾಕ್ಟರನ್ನು ಕೇಳಬೇಕು. ಯಕ್ಷನ ಪ್ರಶ್ನೆ ಅದೇ ದಡದಲ್ಲಿ ಇವತ್ತೂ ಕೇಳಿಸುತ್ತದೆ ಎಂದುಕೊಳ್ಳಿ.

ಆರಾಮವಾಗಿ ಹತ್ತಿದವರು ಇನ್ನೊಂದು ದಿನ ಚೋಪ್ತಾದಿಂದ ತುಂಗನಾಥಕ್ಕೆ ಹೋಗಬಹುದು. ನಾಲ್ಕು ಕಿಲೋಮೀಟರಿಗೂ ಒಳಗಿನ ದಾರಿ, ಕಟ್ಟಿದ ಕಾಲುದಾರಿ, ಆದರೆ ಎತ್ತರ 3,600 ಮೀಟರು ದಾಟುತ್ತದೆ. ದಾರಿ ಗಿಡ್ಡ ಅಂತ ಓಡಬಾರದು. ಶಿವನು ಎತ್ತಿನ ರೂಪದಲ್ಲಿ ಭೂಮಿಯೊಳಗೆ ಇಳಿದಾಗ ಬೆನ್ನಿನ ಡುಬ್ಬ ಕೇದಾರದಲ್ಲಿ, ತೋಳು ತುಂಗನಾಥದಲ್ಲಿ ಕಾಣಿಸಿತು ಎಂಬುದು ಪಂಚಕೇದಾರದ ಕಥೆ.

ಇನ್ನು ಬಿಸಿನೀರಿನ ವಿಚಾರ. ಹಿಮದ ಪಕ್ಕದಲ್ಲೇ ಕುದಿಯುವ ನೀರು ಎಂದರೆ ಯಾರಿಗಾದರೂ ಕೈ ಮುಗಿಯಬೇಕು ಅನ್ನಿಸುತ್ತದೆ. ಮಳೆ, ಹಿಮದ ನೀರು ಬಿರುಕುಗಳಲ್ಲಿ ಭೂಮಿಯ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಅಗ್ನಿದೇವನ ವಾಸ ಎನ್ನುತ್ತದೆ ಪುರಾಣ. ಎರಡಕ್ಕೂ ಜಗಳವಿಲ್ಲ. ಬದರಿಯಲ್ಲಿ ತಪ್ತಕುಂಡದಲ್ಲಿ ಮಿಂದೇ ದರ್ಶನಕ್ಕೆ ಹೋಗುವುದು ಪದ್ಧತಿ. ಅದರ ನೀರು ಸುಮಾರು 45 ಡಿಗ್ರಿ, ಕೆಳಗೆ ಹರಿಯುವ ಅಲಕನಂದೆ ಮಾತ್ರ ಕೈಯಿಟ್ಟರೆ ಮರಗಟ್ಟುವಷ್ಟು ತಣ್ಣಗೆ. ಹಿತವಾಗಿದೆ ಎಂದು ತಪ್ತಕುಂಡದಲ್ಲಿ ಅರ್ಧ ಗಂಟೆ ಕೂತು ಎದ್ದರೆ ತಲೆ ಸುತ್ತುತ್ತದೆ. ಬಿ.ಪಿ., ಹೃದಯದ ತೊಂದರೆ ಇರುವವರು ಚೊಂಬಿನಲ್ಲಿ ಮೊಗೆದು ಹಾಕಿಕೊಂಡರೆ ಸಾಕು, ಅದೂ ಸ್ನಾನವೇ. ಯಮುನೋತ್ರಿಯ ಸೂರ್ಯಕುಂಡದಲ್ಲಿ ಬಟ್ಟೆಯ ಗಂಟಿನಲ್ಲಿ ಅಕ್ಕಿ ಕಟ್ಟಿ ಇಳಿಬಿಟ್ಟರೆ ಬೇಯುತ್ತದೆ, ಅದೇ ಪ್ರಸಾದ. ಜಾನಕಿ ಚಟ್ಟಿಯಿಂದ ಅಲ್ಲಿಗೆ ಐದಾರು ಕಿಲೋಮೀಟರೇ ಆದರೂ ಕಡಿದಾದ ಏರು. ಮಂಡಿನೋವಿನವರು ಪಾಲಕಿ ಹಿಡಿದರೆ ನಾಚಿಕೆಯೇನಿಲ್ಲ.

ಗೌರೀಕುಂಡದ ಹೆಸರು ತಾಯಿ ಗೌರಿಯ ತಪಸ್ಸಿನಿಂದ ಬಂದದ್ದು. ಅಲ್ಲಿಯೂ ಬಿಸಿನೀರಿನ ಕುಂಡವಿತ್ತು. 2013ರ ಜೂನ್ 16, 17ರಂದು ಮಳೆ ಸುರಿದು, ಕೇದಾರದ ಮೇಲಿದ್ದ ಚೋರಾಬಾರಿ ಸರೋವರ ಒಡೆದು ಬಂದ ಪ್ರವಾಹದಲ್ಲಿ ಆ ಕುಂಡ ಹಾಳಾಯಿತು, ದಾರಿಯಲ್ಲಿದ್ದ ರಾಮಬಾಡಾ ಊರೇ ಇಲ್ಲವಾಯಿತು. ಸಾವಿರಾರು ಜನ ಹೋದರು. 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದರಿಂದ ಗಾಂಧಿ ಸರೋವರ ಎಂದು ಹೆಸರಾಗಿದ್ದ ಕೆರೆ ಅದು. ಹಿಮಾಲಯದ ಕೆರೆ ನೋಡಲು ಶಾಂತ, ಆದರೆ ಮಳೆಗಾಲದಲ್ಲಿ ಬೆಟ್ಟದ ನೀರನ್ನು ಸಲೀಸಾಗಿ ತಗೋಬಾರದು. ಮಳೆಯ ಮುನ್ಸೂಚನೆ ಕೊಟ್ಟು ದಾರಿ ನಿಲ್ಲಿಸಿದರೆ ಪೊಲೀಸರ ಜೊತೆ ವಾದಕ್ಕೆ ಇಳಿಯದೆ ನಿಲ್ಲಬೇಕು. ಮೇ, ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯದು.

ಯಕ್ಷನು ಮೆಚ್ಚಿ, ಒಬ್ಬ ತಮ್ಮನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದಾಗ ಧರ್ಮರಾಯ ಭೀಮ, ಅರ್ಜುನರ ಹೆಸರು ಹೇಳಲಿಲ್ಲ. ನಕುಲನನ್ನು ಕೇಳಿದ. ಕುಂತಿಗೆ ನಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂದ. ಗುಂಪಿನಲ್ಲಿ ಯಾತ್ರೆ ಹೋಗುವವರಿಗೆ ಇದು ಬಹಳ ಬೇಕಾದ ಮಾತು. ಗಟ್ಟಿ ಕಾಲಿನವರು ಮುಂದೆ ಓಡಿ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಹಿಂದೆ ಅತ್ತೆಯೋ ಚಿಕ್ಕಪ್ಪನೋ ಒಬ್ಬರೇ ಕಲ್ಲಿನ ಮೇಲೆ ಕೂತಿರುತ್ತಾರೆ. ತಲೆನೋವು, ವಾಂತಿ, ಕೂತರೂ ನಿಲ್ಲದ ಏದುಸಿರು ಕಂಡರೆ ಮಾತ್ರೆ ಕೊಟ್ಟು ಮೇಲೆ ಎಳೆದುಕೊಂಡು ಹೋಗಬಾರದು. ಅವರನ್ನು ಕೆಳಗೆ ಇಳಿಸಬೇಕು, ಒಬ್ಬರಾದರೂ ಜೊತೆಗೆ ಇಳಿಯಬೇಕು. ದರ್ಶನ ತಪ್ಪಿದವರ ಹೆಸರಿನಲ್ಲಿ ಉಳಿದವರು ಒಂದು ಬಿಲ್ವಪತ್ರೆ ಏರಿಸಿ ಬರಲಿ.

ದೇವರಿಯಾ ತಾಲ್‌ಗೆ ಬೆಳಿಗ್ಗೆ ಬೇಗ ಹೊರಡಬೇಕು. ಗಾಳಿ ಏಳುವ ಮುಂಚೆ ನೀರು ಕನ್ನಡಿಯಂತೆ ಇರುತ್ತದೆ, 7,138 ಮೀಟರಿನ ಚೌಖಂಬಾ ಶಿಖರ ಹಿಮದ ಸಮೇತ ಅದರೊಳಗೆ ತಲೆಕೆಳಗಾಗಿ ಕಾಣುತ್ತದೆ. ಹೊತ್ತೇರಿದರೆ ಮೋಡ ಮುಚ್ಚಿಕೊಳ್ಳುತ್ತದೆ. ಸ್ವೆಟರು, ಊರುಗೋಲು, ಕುಡಿಯುವ ನೀರು, ಸ್ವಲ್ಪ ಬೆಲ್ಲ ಕಡಲೆ ಇದ್ದರೆ ಸಾಕು. ಆ ನೀರಿಗೆ ಸೋಪು ಹಾಕಬಾರದು, ಖಾಲಿ ಬಾಟಲಿ ಚೀಲದಲ್ಲೇ ಕೆಳಗೆ ಬರಬೇಕು. ಮೇಲೆ ಹೋದ ತಕ್ಷಣ ಮೊಬೈಲು ತೆಗೆಯದೆ ಸ್ವಲ್ಪ ಹೊತ್ತು ದಡದ ಹುಲ್ಲಿನ ಮೇಲೆ ಕೂತುಕೊಳ್ಳಿ. ಹಿಂದೆ ಬರುತ್ತಿರುವವರು ಬಂದು ಸೇರಲಿ.