ಆಶ್ರಯದ ತಕ್ಕಡಿ

1959ರಲ್ಲಿ ದಲೈ ಲಾಮಾರಿಗೆ ಬಾಗಿಲು ತೆರೆದ ದೇಶ ನಮ್ಮದು. ಅವರ ಬೆನ್ನಿಗೇ ಬಂದ ಟಿಬೆಟಿಯನ್ನರಿಗೆ ನಮ್ಮ ಬೈಲಕುಪ್ಪೆಯಲ್ಲಿ ನೆಲ ಸಿಕ್ಕಿತು. ನೆನೆದಾಗ ಹೆಮ್ಮೆಯಾಗುತ್ತದೆ.

ಆದರೆ 2016ರಲ್ಲಿ, ಅದೇ ಲಾಮಾರ ಧರ್ಮಶಾಲೆಯ ಸಭೆಗೆ ಹೊರಟಿದ್ದ, ಚೀನಾ ತೊರೆದ ಉಯ್ಘರ್ ಮುಸ್ಲಿಮ್ ನಾಯಕ ದೋಲ್ಕುನ್ ಈಸಾ ಅವರಿಗೆ ಕೊಟ್ಟ ವೀಸಾವನ್ನು ಚೀನಾ ಮುನಿದೊಡನೆ ನಮ್ಮ ಸರಕಾರ ರದ್ದುಮಾಡಿತು. ಇಂಟರ್‌ಪೋಲ್ ನೋಟಿಸಿನ ನೆಪವಿತ್ತು. 2018ರಲ್ಲಿ ಇಂಟರ್‌ಪೋಲೇ ಅದನ್ನು ಕೈಬಿಟ್ಟಿತು. ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಇಲ್ಲಿ ಆಶ್ರಯವೆಂಬುದು ಹಕ್ಕಲ್ಲ, ಆಳುವವರ ಮರ್ಜಿ.

ಸರಕಾರವನ್ನು ದೂರುವುದು ಸುಲಭ. ಬಾಂಗ್ಲಾದೇಶ ತೊರೆದು ಬಂದಿದ್ದ ಲೇಖಕಿ ತಸ್ಲೀಮಾ ನಸ್ರೀನ್‌ರನ್ನು ಹೊರದಬ್ಬಿರೆಂದು 2007ರಲ್ಲಿ ಕೊಲ್ಕತ್ತಾದ ಬೀದಿಗಿಳಿದವರು ನಮ್ಮವರೇ. ಎಡರಂಗದ ಆಡಳಿತವಿದ್ದ ಆ ಊರಿನಿಂದ ಆಕೆಯನ್ನು ಸಾಗಹಾಕಲಾಯಿತು. 2008ರಲ್ಲಿ ಆಕೆ ಕೆಲಕಾಲ ದೇಶವನ್ನೇ ಬಿಡಬೇಕಾಯಿತು. ಉಯ್ಘರರಿಗಾಗಿ ಮರುಗುವ ನಾವು ಎಷ್ಟು ಮಂದಿ ಅಂದು ಬಾಯಿ ತೆರೆದೆವು? ಆಕೆ ಬರೆದದ್ದನ್ನು ಒಪ್ಪಲೇಬೇಕೆಂದೇನೂ ಇರಲಿಲ್ಲ.

ಮಕ್ಕಾದಿಂದ ಓಡಿಬಂದ ಮುಸ್ಲಿಮರನ್ನು ಒಪ್ಪಿಸಿರೆಂದು ಖುರೈಷರು ಕಾಣಿಕೆ ತಂದಾಗ, ಹಬಶಾದ ಕ್ರೈಸ್ತ ದೊರೆ ನಜಾಶಿ ಮೊದಲು ಬಂದವರ ಮಾತು ಕೇಳಿದರು. ಆಮೇಲೆ ಕಾಣಿಕೆಯನ್ನು ಹಿಂದಿರುಗಿಸಿದರು. ಈ ಕಥೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅದರಲ್ಲಿ ಆಶ್ರಯ ಬೇಡಿದವರು ನಾವಾಗಿದ್ದೆವು. ಕೊಡುವ ಸರದಿ ಬಂದಾಗ ನಾವೂ ತಕ್ಕಡಿ ಹಿಡಿದೆವು.