ಕಾಡಿಗೆ ಪರಿಹಾರ ಉಂಟೇ?

ಜೂನ್ 5ಕ್ಕೆ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. ಶಾಲೆಯ ಅಂಗಳದಲ್ಲಿ, ಕಚೇರಿಯ ಕಾಂಪೌಂಡಿನಲ್ಲಿ ಗುಂಡಿ ತೋಡಿ ಸಸಿ ನೆಡುತ್ತೇವೆ. ಭೂಮಿಯ ಹಬ್ಬವನ್ನು ಹೀಗೆ ಆಚರಿಸುವುದು ಒಳ್ಳೆಯದೇ. ನನ್ನ ತಕರಾರಿರುವುದು ಆ ಸಸಿಯ ಜೊತೆ ಬೆಳೆದುಬಂದ ಒಂದು ನಂಬಿಕೆಯ ಮೇಲೆ: ಕಡಿದ ಕಾಡಿಗೆ ನೆಟ್ಟ ಗಿಡ ಪರಿಹಾರವಾಗುತ್ತದೆ ಎಂಬುದು. ಈ ನಂಬಿಕೆ ಈಗ ಆಡಳಿತದ ಪದ್ಧತಿಯೂ ಆಗಿದೆ. ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಪಡೆದವರು ಹಣ ಕಟ್ಟುತ್ತಾರೆ. ಆ ಹಣ ನೋಡಿಕೊಳ್ಳಲು 2016ರಲ್ಲಿ ಕಾಯ್ದೆಯೇ ಬಂತು. ಅದರಿಂದ ಇನ್ನೆಲ್ಲೋ ಗಿಡ ಏಳಬೇಕು. ಲೆಕ್ಕ ಚುಕ್ತಾ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಬಿರುಬೇಸಿಗೆಯಲ್ಲೂ ನೀರು ಆರದ ಕಪ್ಪು ಕೆಸರು ನೆಲ. ಮರಗಳ ಬೇರುಗಳು ಆ ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ನೆಲದೊಳಗೆ ಗಾಳಿಯಿಲ್ಲದ್ದರಿಂದ ಹೊರಗೆ ಬಂದು ಉಸಿರಾಡುವ ಏರ್ಪಾಡು ಅದು. ಕಾಯಿ ಒಡೆದಾಗ ಕಾಣುವ ಕೆಂಪು ಪತ್ರೆಗೆ ಮಂಗಟ್ಟೆಗಳು ಬರುತ್ತವೆ, ಬೀಜವನ್ನು ದೂರ ಒಯ್ಯುತ್ತವೆ. ಒಣಗಿದರೆ ಆ ಬೀಜ ಮೊಳೆಯುವುದಿಲ್ಲ. ಅದಕ್ಕೆ ತೇವವೂ ನೆರಳೂ ಬೇಕು. ಇಂಥ ಜಡ್ಡಿಗಳಿಂದ ಜಿನುಗಿದ ನೀರೇ ಕೆಳಗೆ ಹಳ್ಳವಾಗಿ ಅಡಿಕೆ ತೋಟಗಳನ್ನು ಕಾಯುತ್ತದೆ. ಇಷ್ಟಕ್ಕೆ ಬದಲಾಗಿ ಎಷ್ಟು ಅಕೇಶಿಯಾ ನೆಟ್ಟರೆ ಸಾಕು? ಹತ್ತಕ್ಕೆ ನೂರು ನೆಟ್ಟರೂ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಮರಗಳನ್ನು ಎಣಿಸಬಹುದು. ಮರ, ನೀರು, ಹಕ್ಕಿ, ಮಣ್ಣು ಕಾಲಾಂತರದಲ್ಲಿ ಕಟ್ಟಿಕೊಂಡ ಸಂಬಂಧವನ್ನು ಎಣಿಸುವ ಬಗೆ ಯಾವುದು?

ಶಿರಸಿ ಸೀಮೆಯ ಜನರಿಗೆ ಇದು ಅನುಭವದಿಂದಲೇ ಗೊತ್ತಿತ್ತು. ಸಹಜ ಕಾಡು ಹೋಗಿ ತೇಗ, ನೀಲಗಿರಿಯ ನೆಡುತೋಪು ಬಂದಾಗ ಅಂಕಿಅಂಶದಲ್ಲಿ ಹಸಿರಿಗೇನೂ ಕಮ್ಮಿಯಾಗಲಿಲ್ಲ. ಹಳ್ಳ ಬತ್ತಿತು, ಸೊಪ್ಪು ಸಿಗದಾಯಿತು. 1983ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾಲ್ಕಣಿ ಊರಿನವರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಹಾಗೆ ಹುಟ್ಟಿದ ಅಪ್ಪಿಕೋ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಉಳಿಸುವುದೇ ಮೊದಲು. ನಾವೀಗ ಬಳಸುವುದರಿಂದ ಶುರುಮಾಡಿ, ಬೆಳೆಸುತ್ತೇವೆಂದು ಮಾತು ಕೊಟ್ಟು, ಉಳಿಸುವುದನ್ನು ಮರೆತಿದ್ದೇವೆ.

ಹಾಗಾದರೆ ಸಾಲುಮರದ ತಿಮ್ಮಕ್ಕ ಮಾಡಿದ್ದೇನು ಎಂದು ಯಾರಾದರೂ ಕೇಳಬಹುದು. ಹುಲಿಕಲ್-ಕುದೂರು ನಡುವಿನ ಬಯಲು ದಾರಿಯಲ್ಲಿ ಆಕೆ ಗಂಡನ ಜೊತೆ ಆಲದ ಸಸಿ ನೆಟ್ಟರು, ದೂರದಿಂದ ಕೊಡದಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ಆ ಮರಗಳು ಯಾವ ಕಾಡಿಗೂ ಪರಿಹಾರವಾಗಿ ಬಂದವಲ್ಲ, ಯಾರ ಕೊಡಲಿಗೂ ಸಮಜಾಯಿಷಿಯಾಗಿ ನಿಂತವಲ್ಲ. ಅದಕ್ಕೇ ಅವು ನನಗೆ ಅಷ್ಟು ದೊಡ್ಡವು.

ರಸ್ತೆ ಬೇಡವೇ, ಕರೆಂಟ್ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಗರ್ಭಿಣಿಯನ್ನು ಕಂಬಳಿಯಲ್ಲಿ ಹೊತ್ತು ತರುವ ಊರಿಗೆ ರಸ್ತೆ ಬೇಕೇ ಬೇಕು. ಅದಕ್ಕಾಗಿ ಕೆಲವು ಮರ ಹೋಗಲೇಬೇಕಾದರೆ, ಹೋದದ್ದನ್ನು ಹೋಯಿತು ಎಂದೇ ಬರೆಯೋಣ. ಮನೆಯಲ್ಲಿ ಅಜ್ಜಿ ತೀರಿಕೊಂಡ ವರ್ಷವೇ ಮಗು ಹುಟ್ಟಿದರೆ ಸಂತೋಷಪಡುತ್ತೇವೆ. ಅಜ್ಜಿಯ ಜಾಗ ತುಂಬಿತು ಎಂದು ಯಾರೂ ಹೇಳುವುದಿಲ್ಲ. ನಷ್ಟವನ್ನು ನಷ್ಟವೆಂದು ಒಪ್ಪಿದವನ ಕೈ ಸಹಿ ಹಾಕುವ ಮುನ್ನ ಒಂದಿಷ್ಟು ತಡೆಯುತ್ತದೆ. ರಸ್ತೆಯನ್ನು ಸ್ವಲ್ಪ ಬಳಸಿ ಒಯ್ಯಬಹುದೇ, ಇರುವ ದಾರಿಯನ್ನೇ ಗಟ್ಟಿಮಾಡಬಹುದೇ ಎಂದು ಯೋಚನೆ ಹರಿಯುತ್ತದೆ. ಪರಿಹಾರದ ಭರವಸೆ ಈ ಯೋಚನೆಯನ್ನೇ ಕೊಲ್ಲುತ್ತದೆ.

ಈ ಯೋಚನೆಯನ್ನು ಉಳಿಸಿಕೊಳ್ಳಲು ಒಂದು ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇಡಬೇಕು. ಏಪ್ರಿಲ್‌ನಲ್ಲೂ ಹರಿಯುವ ಹಳ್ಳ ಯಾವುದು, ಅದು ಯಾವ ಕಾನಿನಿಂದ ಇಳಿಯುತ್ತದೆ, ಯಾರ ಗದ್ದೆಗೆ ಹೋಗುತ್ತದೆ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಅದರಲ್ಲಿ ಬರೆಸಬೇಕು. ಕಾಡು ಕಡಿಯುವ ಕಡತದಲ್ಲಿ ಸಸಿಗಳ ಸಂಖ್ಯೆಗಿಂತ ಮೊದಲು ಆ ಪುಟ ಇರಲಿ. ಅಧಿಕಾರಿ ಅದನ್ನು ಗ್ರಾಮಸಭೆಯ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಪೆನ್ನು ತೆಗೆಯಲಿ.